ಮನೆಯಲ್ಲಿ ಉಳಿದ ಎರಡು ತಟ್ಟೆ

ಇನ್ನೆರಡು ಹೆಜ್ಜೆ ಹೆಚ್ಚಿಗೆ ಇಟ್ಟಿದ್ದರೆ ಅದು ಹಕ್ಕಿಯೆಂದು ತಿಳಿಯುತ್ತಿತ್ತೋ ಏನೋ. ಅಥವಾ ಹಕ್ಕಿಯನ್ನೇ ಬರೆದುಬಿಡಬೇಕಿತ್ತೆ? ಬರೆದಿದ್ದರೆ ಉಳಿಯುತ್ತಿದ್ದುದೇನು? ಅಂಗಡಿಯ ಯಾವ ತಟ್ಟೆಯ ಮೇಲೆ ಹಕ್ಕಿಯಿಲ್ಲ? ಇಲ್ಲ, ಹೆಜ್ಜೆ ಸಾಕು. ಸಾಕೇ? ಬಿಳಿಯ ಅಂಚಿನ ಮೇಲೆ ಬೂದು ಬಣ್ಣದ ಪುಟ್ಟ ಪುಟ್ಟ ಹೆಜ್ಜೆಗಳು ಸುತ್ತು ಬರುತ್ತವೆ. ಒಂದು ಕಡೆ ಇದ್ದಕ್ಕಿದ್ದಂತೆ ನಿಂತುಹೋಗುತ್ತವೆ. ಹಿಮದ ಮೇಲೆ ನಡೆಯುತ್ತಿದ್ದ ಹಕ್ಕಿ ಅಲ್ಲಿಂದ ಹಾರಿತು ಎಂಬುದು ಉಣ್ಣುವವರಿಗೆ ತಾನಾಗಿ ಹೊಳೆಯಬೇಕು. ಹೊಳೆಯದಿದ್ದರೆ? ಹೊಳೆಯದಿದ್ದರೆ ಅದೊಂದು ಕೊಳೆ ತಟ್ಟೆ, ಅಷ್ಟೆ.

ಬಸ್ಸು ತಿರುವಿನಲ್ಲಿ ವಾಲಿತು. ತೊಡೆಯ ಮೇಲಿದ್ದ ರಟ್ಟಿನ ಪೆಟ್ಟಿಗೆಯನ್ನು ಅವನು ಎರಡೂ ಕೈಯಿಂದ ತಬ್ಬಿಕೊಂಡ. ಒಳಗೆ ಆರು ತಟ್ಟೆಗಳಿದ್ದವು. ಮೂರು ಡಿಸೈನು, ಒಂದೊಂದರದು ಎರಡೆರಡು.

ಅವನು ಕೆಲಸ ಮಾಡುತ್ತಿದ್ದುದು ಒಂದು ಸಣ್ಣ ಪಿಂಗಾಣಿ ಕಾರ್ಖಾನೆಯಲ್ಲಿ. ಕಲಾಶಾಲೆಯ ಪದವಿ ಇದ್ದರೂ ಸಿಕ್ಕಿದ್ದು ಅಂಚಿನ ಗೆರೆ ಎಳೆಯುವ ಕೆಲಸ. ತಟ್ಟೆಯನ್ನು ತಿರುಗುಮಣೆಯ ಮೇಲಿಟ್ಟು, ಎಡಗೈಯಿಂದ ಅದನ್ನು ತಿರುಗಿಸುತ್ತ, ಬಲಗೈಯ ಕುಂಚವನ್ನು ಅಲುಗದಂತೆ ಹಿಡಿದಿರಬೇಕು. ಕುಂಚ ಸುಮ್ಮನಿರುತ್ತದೆ, ತಟ್ಟೆ ಸುತ್ತುತ್ತದೆ, ಗೆರೆ ಬಂದು ತನ್ನ ಬಾಲವನ್ನು ತಾನೇ ಮುಟ್ಟುತ್ತದೆ. ಸುಮ್ಮನಿರುವುದೇ ಕಸುಬಾದರೆ ಇವನಿಗಿಂತ ತಕ್ಕವನು ಇನ್ನಾರು ಎಂದು ಜೊತೆಯವರು ನಗುತ್ತಿದ್ದರು. ಅಲ್ಲಿ ಅವನಿಗೆ ಮೌನಪ್ಪ ಎಂದೇ ಹೆಸರು. ಆ ಹೆಸರು ಹೇಗೋ ಮನೆಗೂ ಬಂದು, ಅಕ್ಕನ ಗಂಡನ ಬಾಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಕಾರ್ಖಾನೆಯ ಯಜಮಾನರದು ಒಂದು ಹಟ. ರಜೆಯ ಊಟದ ತಟ್ಟೆಯನ್ನು ನೋಡಿ ಆರಿಸಬಾರದು, ಉಂಡು ಆರಿಸಬೇಕು. ಹಾಗಾಗಿ ಪ್ರತಿ ಚಳಿಗಾಲವೂ ರಜೆಗೆ ಬಾಗಿಲು ಹಾಕುವ ದಿನ, ಮುಂದಿನ ವರ್ಷಕ್ಕೆಂದು ಬರೆದ ಮೂರು ಡಿಸೈನಿನ ಮಾದರಿಗಳನ್ನು ಕೆಲಸಗಾರರೆಲ್ಲ ಮನೆಗೆ ಒಯ್ಯಬೇಕು. ರಜೆಯುದ್ದಕ್ಕೂ ಅವುಗಳಲ್ಲೇ ಉಣ್ಣಬೇಕು. ಮನೆಯವರಿಗೆ ಹಿಡಿಸಿದ ಜೋಡಿಯನ್ನು ಇಟ್ಟುಕೊಂಡು ಉಳಿದ ನಾಲ್ಕು ತಟ್ಟೆಗಳನ್ನು ಹಿಂದಕ್ಕೆ ತರಬೇಕು. ಬಾಗಿಲು ತೆರೆದ ದಿನ ಪ್ಯಾಕಿಂಗ್ ಕೋಣೆಯ ಉದ್ದ ಮೇಜಿನ ಮೇಲೆ ಹಿಂದಕ್ಕೆ ಬಂದ ತಟ್ಟೆಗಳನ್ನು ಡಿಸೈನಿನ ಪ್ರಕಾರ ಪೇರಿಸುತ್ತಾರೆ. ಯಾವ ಪೇರು ಎಲ್ಲಕ್ಕಿಂತ ಗಿಡ್ಡವೋ ಅದು ಗೆದ್ದಂತೆ. ವಾದವಿಲ್ಲ, ವಿವರಣೆಯಿಲ್ಲ. ಒಂದೇ ಷರತ್ತು: ಯಾವುದು ಯಾರ ಕೈಯದು ಎಂದು ಮನೆಯಲ್ಲಿ ಬಾಯಿ ಬಿಡಬಾರದು. ಬಿಟ್ಟದ್ದು ತಿಳಿದರೆ ಆ ತಟ್ಟೆ ಪಂದ್ಯದಿಂದ ಹೊರಗೆ.

ಈ ವರ್ಷದ ಮೂರರಲ್ಲಿ ಮೊದಲನೆಯದು ಹಿರಿಯ ಚಿತ್ರಗಾರರದು. ಹಸಿರು ಎಲೆಗಳ ಬಳ್ಳಿ, ನಡುನಡುವೆ ಕೆಂಪು ಹಣ್ಣು. ಅವರು ಎಷ್ಟೋ ಚಳಿಗಾಲಗಳಿಂದ ಇದನ್ನೇ ಸ್ವಲ್ಪ ಅತ್ತಿತ್ತ ತಿರುಗಿಸಿ ಕೊಡುತ್ತಿದ್ದರು. ಎರಡನೆಯದು ಯಜಮಾನರ ಅಳಿಯನದು. ಅದರಲ್ಲಿ ಗಂಟೆ ಇತ್ತು, ರಿಬ್ಬನ್ ಇತ್ತು, ನಕ್ಷತ್ರ ಇತ್ತು, ಮಂಜಿನ ಹಳುಕು ಇತ್ತು, ನಟ್ಟನಡುವೆ ಜಿಂಕೆ ಇತ್ತು, ಸುತ್ತಲೂ ಅಗಲವಾದ ಚಿನ್ನದ ಅಂಚು. ಇನ್ನು ಇಲ್ಲದೆ ಇದ್ದದ್ದು ಊಟಕ್ಕೆ ಜಾಗ ಮಾತ್ರ. ಮೂರನೆಯದು ಹೆಜ್ಜೆಗಳದು.

ಹಿರಿಯ ಚಿತ್ರಗಾರರು ಈ ರಜೆ ಕಳೆದ ಮೇಲೆ ನಿವೃತ್ತರಾಗುವವರು. ಕಿಟಕಿಯ ಪಕ್ಕದ ಅವರ ಮೇಜು, ಆ ಮೇಜಿನ ಕೆಲಸ, ಈ ಸಲ ಗೆದ್ದವರಿಗೆ ಎಂದು ಯಜಮಾನರು ಎಲ್ಲರ ಎದುರಿಗೇ ಹೇಳಿದ್ದರು. ಸೋತರೆ ಅವನು ತಿರುಗುಮಣೆಯ ಮುಂದೆ ಇನ್ನೆಷ್ಟು ವರ್ಷವೋ. ಈ ಮೇಜಿನ ವಿಷಯ ಅವನು ಮನೆಯಲ್ಲಿ ಎತ್ತಿರಲಿಲ್ಲ. ಎತ್ತಿ ಸೋತರೆ ಮೂರು ಹೆಂಗಸರ ಸಮಾಧಾನವನ್ನು ಕೇಳಬೇಕಾಗುತ್ತದೆ, ಅದು ಸೋಲಿಗಿಂತ ದೊಡ್ಡ ಶಿಕ್ಷೆ. ಆದರೆ ಹೆಂಡತಿ, "ನಿದ್ದೇಲಿ ಯಾಕ್ರೀ ಹೀಗೆ ಹಲ್ಲು ಕಡೀತೀರ?" ಎಂದು ಹಟ ಹಿಡಿದಾಗ ಅರ್ಧ ಮಾತು ಜಾರಿತ್ತು.

"ಈ ಸಲ ಮೂರರಲ್ಲಿ ಒಂದು ನನ್ನದೂ ಇದೆ."

"ಯಾವುದು?"

"ಹೇಳೋ ಹಾಗಿಲ್ಲ. ಹೇಳಿದ್ರೆ ಹೊರಗೆ ಹಾಕ್ತಾರೆ."

ಉಳಿದರ್ಧ ಮಾತನ್ನು ಅವನು ನುಂಗಿಕೊಂಡಿದ್ದ. ನುಂಗುವುದು ಅವನಿಗೆ ಕಷ್ಟದ ಕೆಲಸವಲ್ಲ.

ಮನೆಗೆ ಬಂದು ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟದ್ದೇ ತಡ, ಅಮ್ಮ ಕತ್ತರಿ ಹಿಡಿದು ಬಂದಳು. ಕಾಗದ ಬಿಚ್ಚಿದ ಮೊದಲ ತಟ್ಟೆಯೇ ಹೆಜ್ಜೆಯದು. ಅಮ್ಮ ಅದನ್ನು ಕನ್ನಡಕದ ಮೇಲಿಂದ ನೋಡಿದಳು, ಕೆಳಗಿಂದ ನೋಡಿದಳು, ಹೆಬ್ಬೆರಳಿಗೆ ಎಂಜಲು ಮಾಡಿಕೊಂಡು ಒಂದು ಹೆಜ್ಜೆಯನ್ನು ತಿಕ್ಕಿದಳು.

"ಇದೇನೋ ಇದು, ತೊಳೀದೆ ಹಾಗೇ ತಂದಿದ್ದೀಯ?"

ಅವನು ಬಾಯಿ ತೆರೆಯುವುದರೊಳಗೆ ಅವಳು ಸಿಂಕಿನ ಮುಂದಿದ್ದಳು. ಪಾತ್ರೆ ಉಜ್ಜುವ ತಂತಿಯುಂಡೆಯ ಕರಕರ ಸದ್ದು ಅವನ ಬೆನ್ನುಮೂಳೆಯೊಳಗೆ ಇಳಿಯಿತು.

"ಅಮ್ಮ, ಅದು ಕೊಳೆ ಅಲ್ಲ. ಡಿಸೈನು."

"ಡಿಸೈನಾ? ಇದಾ?" ಅಮ್ಮ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಕಾಗೆ ಕಾಲಿಟ್ಟ ಹಾಗಿದೆ. ಹೋಗ್ತಾನೂ ಇಲ್ಲ ನೋಡು, ಪಿಶಾಚಿ ಹಿಡಿದ ಹಾಗೆ ಹಿಡ್ಕೊಂಡಿದೆ."

ಹೋಗುವುದಿಲ್ಲ. ಮೆರುಗಿನ ಕೆಳಗೆ ಬಣ್ಣವಿಟ್ಟು ಭಟ್ಟಿಯಲ್ಲಿ ಸುಟ್ಟದ್ದು ಅದು. ತಾಯಿಯ ತಂತಿಯುಂಡೆಗೂ ಜಗ್ಗದ ಹೆಜ್ಜೆಗಳನ್ನು ನೋಡಿ ಅವನಿಗೆ ಒಳಗೊಳಗೇ ಸಣ್ಣ ಹೆಮ್ಮೆಯೆನಿಸಿತು. ಮರುಕ್ಷಣವೇ ಆ ಹೆಮ್ಮೆಯ ಮೇಲೇ ಸಿಟ್ಟು ಬಂತು.

ಅವನು ಸಿಂಕಿನ ಕಡೆ ನೋಡುತ್ತಿದ್ದಾಗ ಬೆನ್ನ ಹಿಂದೆ ಹೆಂಡತಿ ಉಳಿದ ತಟ್ಟೆಗಳನ್ನು ಬಿಚ್ಚುತ್ತಿದ್ದಳು. ಅವಳದು ಅಂಚೆ ಕಚೇರಿಯಲ್ಲಿ ಕೆಲಸ. ಕೋಳಿ ಕೆದರಿದಂಥ ವಿಳಾಸಗಳನ್ನು ದಿನವಿಡೀ ಓದಿ ಓದಿ, ಯಾವ ಗೀಚು ಯಾರ ಕೈಯದೆಂದು ದೂರದಿಂದಲೇ ಹೇಳಬಲ್ಲೆ ಎಂಬ ಹಮ್ಮು ಅವಳಿಗಿತ್ತು. ಸ್ವಲ್ಪ ಹೊತ್ತು ಕಾಗದದ ಸರಪರ ಸದ್ದು ಕೇಳಿಸಿ ಆಮೇಲೆ ಏನೂ ಕೇಳಿಸಲಿಲ್ಲ. ಅವನು ತಿರುಗಿದಾಗ ಅವಳ ಕೈ ಖಾಲಿಯಿತ್ತು, ತಟ್ಟೆಗಳೆಲ್ಲ ಮೇಜಿನ ಮೇಲಿದ್ದವು. ಅವಳು ಅವನ ಬೆರಳುಗಳನ್ನು ನೋಡುತ್ತ ನಗುತ್ತಿದ್ದಳು.

"ನನಗೆ ಗೊತ್ತಾಯ್ತು ಬಿಡಿ."

"ಏನು?"

"ಏನೂ ಇಲ್ಲ. ನೀವೇನೂ ಹೇಳ್ಬೇಡಿ, ನಾನೇನೂ ಕೇಳಲ್ಲ."

ಅವನ ಎದೆಯ ಮೇಲಿನ ಕಲ್ಲೊಂದು ಸರಿದಂತಾಯಿತು. ಹೇಳದೆಯೇ ತಿಳಿದಳು. ಹೆಜ್ಜೆ ನಿಂತ ಜಾಗವನ್ನು ನೋಡಿ ತಿಳಿದಳು. ಹಾಗಾದರೆ ಎರಡು ಹೆಜ್ಜೆ ಹೆಚ್ಚಿಗೆ ಬೇಕಿರಲಿಲ್ಲ. ಅಮ್ಮ ಉಜ್ಜಿಕೊಳ್ಳಲಿ, ಎಷ್ಟು ಬೇಕಾದರೂ ಉಜ್ಜಿಕೊಳ್ಳಲಿ. ಅವನು ಬಹಳ ದಿನಗಳ ಮೇಲೆ ಎರಡು ಸಲ ಕೇಳಿ ಬಡಿಸಿಕೊಂಡು ಉಂಡ. ಹೆಂಡತಿಯೂ ಅಮ್ಮನೂ ಅಡುಗೆಮನೆಯಲ್ಲಿ ತಲೆ ಕೂಡಿಸಿ ಪಿಸುಗುಟ್ಟುತ್ತಿದ್ದುದನ್ನು ಕಂಡರೂ, ಒಳ್ಳೆಯದಕ್ಕೇ ಇರಬೇಕೆಂದುಕೊಂಡ.

ರಜೆಯ ದೊಡ್ಡ ಊಟದ ಮಧ್ಯಾಹ್ನ ಅಕ್ಕನೂ ಭಾವನೂ ಬಂದರು. ಭಾವ ಕಾರು ಓಡಿಸುವುದನ್ನು ಕಲಿಸುವವನು. ಯಾರು ಏನು ಮಾತಾಡಿದರೂ ಅವರು ತಪ್ಪು ದಾರಿಗೆ ಹೋಗುತ್ತಿದ್ದಾರೆಂಬಂತೆ ಮೇಜಿನ ಕೆಳಗೆ ಅವನ ಬಲಗಾಲು ಬ್ರೇಕು ಒತ್ತುತ್ತಲೇ ಇರುತ್ತಿತ್ತು. ಬಾಗಿಲಲ್ಲೇ ಅವನು ಭಾವಮೈದುನನ ಬೆನ್ನಿಗೆ ಬಲವಾಗಿ ಗುದ್ದಿದ.

"ಏನಪ್ಪಾ ಮೌನಪ್ಪ! ಒಳ್ಳೆ ಕಳ್ಳ ನೀನು!"

"ರೀ," ಎಂದು ಅಕ್ಕ ಅವನನ್ನು ತಿವಿದಳು. "ನಮಗೇನೂ ಗೊತ್ತಿಲ್ಲ ಅಂತ ಮಾತಾಗಿಲ್ವಾ?"

"ಹೌದು ಹೌದು. ನಮಗೆ ಏನೇನೂ ಗೊತ್ತಿಲ್ಲ."

ಐದು ಜನಕ್ಕೆ ಆರು ತಟ್ಟೆ. ಯಾರಿಗೆ ಯಾವುದೆಂದು ಹೆಂಡತಿ ಮೊದಲೇ ಯೋಚಿಸಿದ್ದಂತಿತ್ತು. ಚಿನ್ನದ ಜೋಡಿಯಲ್ಲಿ ಒಂದನ್ನು ಅಮ್ಮನ ಮುಂದೆ, ಇನ್ನೊಂದನ್ನು ಭಾವನ ಮುಂದೆ ಇಟ್ಟಳು. ಎಲೆಬಳ್ಳಿಯ ಎರಡು ಅಕ್ಕನಿಗೂ ತನಗೂ. ಹೆಜ್ಜೆಯ ತಟ್ಟೆ ಅವನ ಮುಂದೆ ಬಂತು. ಆರನೆಯದು, ಅದೂ ಹೆಜ್ಜೆಯದೇ, ಮೇಜಿನ ಮೂಲೆಯಲ್ಲಿ ಸಿಪ್ಪೆ ಹಾಕಲೆಂದು ಕೂತಿತು. ಅಕ್ಕ ಬಂದವಳೇ ಕಿತ್ತಳೆ ಹಣ್ಣು ಸುಲಿದು ಸಿಪ್ಪೆಯನ್ನು ಅದರೊಳಗೆ ಹಾಕಿದಳು. ಹಕ್ಕಿ ಹಾರಿದ ಜಾಗ ಸರಿಯಾಗಿ ಮುಚ್ಚಿಹೋಯಿತು.

ಭಾವ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಸ್ಟೀರಿಂಗಿನಂತೆ ಹಿಡಿದೆತ್ತಿದ.

"ಆಹಾಹಾ! ಏನು ಕೈಚಳಕ! ಇದನ್ನ ಬರೆದವನು ಯಾರೋ ಭಾರೀ ಕಲಾವಿದನೇ ಇರ್ಬೇಕು ಕಣ್ರೀ."

"ಯಾರೋ ಏನೋ, ನಮಗೇನು ಗೊತ್ತು," ಅಕ್ಕ ಚಾವಣಿ ನೋಡಿದಳು. "ಆದ್ರೆ ಆ ಜಿಂಕೆ ಮಾತ್ರ ಎಲ್ಲೋ ಕಂಡ ಹಾಗಿದೆ. ಅಲ್ವೇನಮ್ಮ?"

"ಕಾಣದೆ ಏನು?" ಅಮ್ಮನಿಗೆ ಮುಚ್ಚಿಡುವ ವಿದ್ಯೆ ಬಾರದು. "ಬಟ್ಟೆ ಬೀರುವಿನ ಬೆನ್ನಿಗೆ ಇವತ್ತಿಗೂ ಇದೆಯಲ್ಲ, ಇದೇ ಜಿಂಕೆ. ಮೊಣಕಾಲೆಲ್ಲ ಹಿಂದುಮುಂದು. ಇವನು ಇಷ್ಟುದ್ದ ಇದ್ದಾಗ ಬರೆದದ್ದು. ಹೊಸ ಬೀರು ಅಂತ ಬೆನ್ನಿಗೆ ಎರಡು ಬಿಟ್ಟಿದ್ದೆ. ಬಿಡಬಾರದಿತ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಜಿಂಕೆ ಮೇಲೆ ಚಿನ್ನ ಬಂದು ಕೂತ್ಕೊಳ್ಳುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಅವನ ಕೈಯ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

ಅವನು ಯಜಮಾನರ ಅಳಿಯನ ಜಿಂಕೆಯನ್ನು ನೋಡಿದ. ಹೌದು, ಅದರ ಮೊಣಕಾಲುಗಳು ತಪ್ಪು ದಿಕ್ಕಿಗೆ ಮಡಚಿದ್ದವು. ಏಳು ವರ್ಷದ ಹುಡುಗನ ಜಿಂಕೆಯಂತೆಯೇ. ಆಮೇಲೆ ಹೆಂಡತಿಯನ್ನು ನೋಡಿದ. ಅವಳು ತಲೆ ತಗ್ಗಿಸಿ, ತುಟಿಯಲ್ಲಿ ನಗು ಹಿಡಿದಿಟ್ಟುಕೊಂಡು, ಬ್ರೆಡ್ಡು ಮುರಿಯುತ್ತಿದ್ದಳು. ಮೂರು ದಿನ ಅವನು ಬೆಚ್ಚಗೆ ಹೊದ್ದುಕೊಂಡಿದ್ದ ಸಂತೋಷ ಯಾರದೋ ಕಂಬಳಿಯಾಗಿತ್ತು.

ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಇವರು. ಯಾರಿಗೂ ಒಂದು ಸಣ್ಣ ಅನುಮಾನವೂ ಇಲ್ಲ. ಒಬ್ಬಳು ಊಹಿಸಿದಳು, ಉಳಿದವರು ಕೊಟ್ಟಿಗೆ ಕಟ್ಟಿದರು, ಈಗ ಎಲ್ಲ ಸೇರಿ ಕರುವಿಗೆ ಹುಲ್ಲು ಹಾಕುತ್ತಿದ್ದಾರೆ.

"ಮೌನ ಬಂಗಾರ ಅಂತಾರೆ," ಭಾವನಿಗೆ ಹುರುಪು ಬಂದಿತ್ತು. "ಆದ್ರೆ ಸುಮ್ಮನಿದ್ದೂ ಸುಮ್ಮನಿದ್ದೂ ಬಂಗಾರವನ್ನೇ ಬಳಿದವನನ್ನ ನಾನು ಇದೇ ಮೊದಲು ನೋಡಿದ್ದು. ಅಂದ್ರೆ, ಯಾರೋ ಒಬ್ಬ. ನಮಗೆ ಗೊತ್ತಿಲ್ಲದವನು."

"ಈ ಎಲೆದು ಪರವಾಗಿಲ್ಲ," ಅಕ್ಕ ತನ್ನ ತಟ್ಟೆಯನ್ನು ತಿರುಗಿಸಿ ನೋಡಿದಳು. "ಎಲ್ಲರ ಮನೇಲೂ ಇರುತ್ತೆ. ಆದ್ರೆ ಅದು, ನಿನ್ನ ಮುಂದೆ ಇದೆಯಲ್ಲೋ ತಮ್ಮಾ, ಅದು ಏನು? ಇರುವೆ ಮೆರವಣಿಗೆನಾ?"

"ಹೆಜ್ಜೆ," ಎಂದ ಅವನು.

"ಯಾರ ಹೆಜ್ಜೆ?"

"ಹಕ್ಕಿದು."

"ಹಕ್ಕಿ ಎಲ್ಲಿ?"

"ಹಾರಿಹೋಯ್ತು."

ಒಂದು ಕ್ಷಣ ಎಲ್ಲರೂ ತಟ್ಟೆಯನ್ನೇ ನೋಡಿದರು. ಈಗ, ಎಂದುಕೊಂಡ ಅವನು. ಈಗ ಹೊಳೆಯಬೇಕು.

"ಹಾರದೆ ಏನ್ಮಾಡುತ್ತೆ," ಎಂದಳು ಅಮ್ಮ. "ತನ್ನ ಕಾಲಿನ ಗಲೀಜು ನೋಡಿ ಅದಕ್ಕೇ ನಾಚಿಕೆ ಆಗಿರುತ್ತೆ."

ಮೇಜು ನಗೆಯಿಂದ ಅಲುಗಿತು. ಅಮ್ಮನಿಗೆ ತನ್ನ ಮಾತು ತನಗೇ ಹಿಡಿಸಿ ಇನ್ನೂ ಮುಂದುವರಿದಳು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇದನ್ನ ಬರೆದವನ ತಾಯಿಗೆ ಮಾತ್ರ ಇದು ಚೆನ್ನಾಗಿ ಕಾಣಿಸೀತು. ಪಾಪ, ಅವಳ ಹಣೆಬರಹ."

ಅವನು ಸೂಪಿನ ಕಡೆ ನೋಡಿದ. ಹೇಳಿಬಿಡಲೇ? ಹೇಳಿದರೆ ಪಂದ್ಯದಿಂದ ಹೊರಗೆ ಎಂಬ ಮಾತು ಒತ್ತಟ್ಟಿಗಿರಲಿ, ಈ ನಾಲ್ಕು ಗೋಡೆಯಾಚೆ ಯಾರಿಗೆ ತಿಳಿಯುತ್ತದೆ? ಹೇಳಿದ ಕ್ಷಣವೇ ಈ ನಾಲ್ವರೂ ತಿರುಗಿ ಬೀಳುತ್ತಾರೆ. ಇರುವೆ ಮೆರವಣಿಗೆ ಹಿಮದ ಮೇಲಿನ ಕಾವ್ಯವಾಗುತ್ತದೆ. ಅಮ್ಮ ಸಿಪ್ಪೆ ಚೆಲ್ಲಿ ತಟ್ಟೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಅದೇ ತನಗೆ ಬೇಡವಾದದ್ದು. ಯಾರದೆಂದು ತಿಳಿಯದೆ ಒಬ್ಬರಾದರೂ ಆ ತಟ್ಟೆಯನ್ನು ಮೆಚ್ಚಬೇಕಿತ್ತು. ಇವರಿಗೆ ಬೇಕಾಗಿರುವುದು ತಟ್ಟೆಯೇ ಅಲ್ಲ. ಇವರು ಹುಡುಕಿದ್ದು ಅವನನ್ನು, ಹುಡುಕಿ ತಪ್ಪು ಮನೆಯ ಬಾಗಿಲು ಬಡಿದಿದ್ದಾರೆ. ನುಂಗಿದರೆ ಗಂಟಲು ಸುಡುವ, ಉಗಿದರೆ ತುಪ್ಪ ಹಾಳಾಗುವ ಹೊತ್ತು. ಅವನು ಒಂದೇ ಒಂದು ಹೆಜ್ಜೆ ಮುಂದಿಟ್ಟ.

"ಇದು ಅಷ್ಟೇನೂ ಕೆಟ್ಟದಾಗಿಲ್ಲ," ಎಂದ. "ಖಾಲಿ ಜಾಗ ಇದೆ. ಊಟ ಚೆನ್ನಾಗಿ ಕಾಣುತ್ತೆ."

ಅಕ್ಕನ ಮುಖ ಕರಗಿತು. "ನೋಡಿದ್ಯೇನಮ್ಮ ನಿನ್ನ ಮಗನ ಬುದ್ಧಿ? ಎದುರಾಳಿ ತಟ್ಟೆನೂ ಬಿಟ್ಟುಕೊಡಲ್ಲ. ಎಷ್ಟು ದೊಡ್ಡ ಮನಸ್ಸು!"

"ಚಿಕ್ಕಂದಿನಿಂದಲೂ ಹಾಗೇ," ಎಂದಳು ಅಮ್ಮ.

ಅವನು ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದ. ಅಷ್ಟರಲ್ಲಿ ಭಾವ, ಆಲೂಗಡ್ಡೆ ತಣ್ಣಗಾಯಿತೆಂದು ತಟ್ಟೆಯ ಸಮೇತ ಎದ್ದು ಅಡುಗೆಮನೆಗೆ ಹೋಗಿದ್ದ. ಮೈಕ್ರೋವೇವಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಭಾವ, ಅದನ್ನ ಅದರೊಳಗೆ ಇಡಬೇಡಿ. ಅಂಚಲ್ಲಿ ಚಿನ್ನ..."

ಪಟಪಟ ಎಂದು ಒಳಗೆ ನೀಲಿ ಕಿಡಿಗಳು ಅಂಚಿನ ಸುತ್ತ ಓಡಿದವು. ಅಕ್ಕ ಕಿರುಚಿದಳು. ಭಾವ ಅಭ್ಯಾಸಬಲದಿಂದ ನೆಲವನ್ನು ಬಲಗಾಲಿನಿಂದ ಒತ್ತಿದ. ಹೆಂಡತಿ ಓಡಿಹೋಗಿ ಸ್ವಿಚ್ಚು ತೆಗೆದಳು. ಸುಟ್ಟ ವಾಸನೆ ಹರಡಿತು. ಹೊರಗೆ ತೆಗೆದ ತಟ್ಟೆಯ ಅಂಚಿನಲ್ಲಿ ಚಿನ್ನ ಒಂದು ಕಡೆ ಕಪ್ಪಾಗಿತ್ತು.

ಅವನ ಎದೆಯಲ್ಲಿ ಆಸೆಯೊಂದು ತಲೆ ಎತ್ತಿತು. "ಅದಕ್ಕೇ ಹೇಳಿದ್ದು. ಈ ಡಿಸೈನು ದಿನಬಳಕೆಗೆ ಆಗಿಬರಲ್ಲ. ಬಿಸಿ ಮಾಡೋಕೆ ಆಗಲ್ಲ, ಒತ್ತಿ ತೊಳೆಯೋಕೆ ಆಗಲ್ಲ. ಮನೆಮನೆಗೆ ಕೊಡೋದು ಅಂದ್ರೆ..." ಅವನು ಇಷ್ಟು ಉದ್ದ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಈಚೆಗೆ ಕೇಳಿರಲಿಲ್ಲ.

ಭಾವ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ದನಿ ತಗ್ಗಿಸಿದ, ಕಲಿಯುವವರು ಕಾರನ್ನು ಕಂಬಕ್ಕೆ ಗುದ್ದಿದ ಮೇಲೆ ಮಾತಾಡುವ ದನಿ ಅದು. "ಮನಸ್ಸಿಗೆ ಹಚ್ಕೋಬೇಡ. ತಪ್ಪು ನನ್ನದು, ತಟ್ಟೆದಲ್ಲ. ಕಿಡಿ ಹಾರಿತು ಅಂದ್ರೆ ಅಸಲಿ ಚಿನ್ನ ಅಂತ ಅರ್ಥ. ನಕಲಿ ಆಗಿದ್ರೆ ತೆಪ್ಪಗೆ ಕೂತಿರ್ತಿತ್ತು."

"ಸರಿಯಾಗಿ ಹೇಳಿದ್ರಿ," ಎಂದಳು ಅಮ್ಮ. "ಸುಟ್ಟದ್ದನ್ನ ಹಿಂದಕ್ಕೆ ಕೊಟ್ರೆ ಅಲ್ಲಿ ಏನಂದುಕೊಳ್ತಾರೆ? ಇವೆರಡೂ ಇಲ್ಲೇ ಇರ್ತವೆ. ಮುಗೀತು."

ಮುಗಿಯಿತು.

ಅಕ್ಕ ಭಾವ ಹೊರಟ ಮೇಲೆ, ಇನ್ನೂ ಬೆಳಕಿದ್ದ ಸಂಜೆ, ಗಂಡ ಹೆಂಡತಿ ಸಿಂಕಿನ ಮುಂದೆ ನಿಂತು ತಟ್ಟೆ ತೊಳೆದರು. ಅವಳು ತೊಳೆಯುತ್ತಿದ್ದಳು, ಅವನು ಒರೆಸುತ್ತಿದ್ದ. ಕಿಟಕಿಯ ಗಾಜಿನ ಮೇಲೆ ಆವಿ ಕೂತಿತ್ತು.

"ಸಿಟ್ಟು ಬಂತಾ?" ಎಂದಳು. "ನಾನು ಯಾರಿಗೂ ಹೇಳಬಾರದು ಅಂತಲೇ ಇದ್ದೆ. ಅತ್ತೆ ಬಿಡಲಿಲ್ಲ."

"ಸಿಟ್ಟಿಲ್ಲ."

"ಹೇಗೆ ಕಂಡುಹಿಡಿದೆ ಅಂತ ಕೇಳಲ್ವಾ?"

ಅವನು ಒರೆಸಿದ ತಟ್ಟೆಯನ್ನು ಪಕ್ಕಕ್ಕಿಟ್ಟ. ಅವಳು ಹೇಳಿದಳು. ರಜೆಗೆ ಮೊದಲು ಎಷ್ಟೋ ದಿನ ಅವನ ಉಗುರಿನ ಸಂದಿಯಲ್ಲಿ ಚಿನ್ನದ ಬಣ್ಣವಿತ್ತು. ಅಂಗಿಯ ತೋಳಿನ ತುದಿಯಲ್ಲೂ ಇತ್ತು, ಒಗೆದರೂ ಹೋಗಿರಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಮೂರರಲ್ಲಿ ಒಂದರ ಮೇಲೆ ಮಾತ್ರ ಚಿನ್ನ. ಇನ್ನೇನು ಬೇಕು?

"ಅದೂ ಅಲ್ಲ," ಅವಳು ಚಿನ್ನದ ತಟ್ಟೆಯನ್ನು ನೀರಿನಿಂದೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ಉಗುರು ನೋಡದೆ ಇದ್ರೂ ನನಗೆ ಗೊತ್ತಾಗ್ತಿತ್ತು. ಈ ಅಂಚು ನೋಡಿ. ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು ಅಂತ ಹುಡುಕಿದ್ರೂ ಸಿಗಲ್ಲ. ಉಸಿರು ಹಿಡಿದು ಎಳೆದ ಹಾಗಿದೆ. ಇಷ್ಟು ಸುಮ್ಮನೆ ಗೆರೆ ಎಳೆಯೋರು ಬೇರೆ ಯಾರಿದ್ದಾರೆ?"

ಅವನು ಒರೆಸುವ ಬಟ್ಟೆಯನ್ನು ಕೈಯಲ್ಲಿ ಮುದುಡಿಕೊಂಡ.

ಅವಳು ಹೇಳಿದ್ದು ನಿಜ. ಮಾದರಿ ತಟ್ಟೆಗಳಿಗೆ ಅಳಿಯ ಬರೆದ ಗಂಟೆ ಜಿಂಕೆಗಳೆಲ್ಲ ಮುದ್ರೆಯಾಗಿ ಬಂದ ಮೇಲೆ, ಅಂಚಿನ ಚಿನ್ನವನ್ನು ಎಳೆಯಲು ತಿರುಗುಮಣೆಯ ಮುಂದೆ ಕೂತವನು ಅವನೇ. ಅಳಿಯನ ಗದ್ದಲಕ್ಕೆಲ್ಲ ಬೇಲಿ ಹಾಕಿದಂತೆ ಆ ಗೆರೆಯೊಂದು ನೆಟ್ಟಗಿತ್ತು. ಅವಳು ಅವನ ಕೈಯನ್ನೇ ಗುರುತಿಸಿದ್ದಳು. ತಟ್ಟೆಯನ್ನು ಮಾತ್ರ ಗುರುತಿಸಿರಲಿಲ್ಲ. ಇದಕ್ಕೆ ಅಲ್ಲವೆನ್ನುವುದು ಹೇಗೆ? ಹೌದೆನ್ನುವುದು ಹೇಗೆ?

"ಏನು, ತಪ್ಪಾ ನಾನು ಹೇಳಿದ್ದು?" ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹತ್ತು ವರ್ಷದಿಂದ ಅವನ ಸುಮ್ಮನಿರುವಿಕೆಯನ್ನು ವಿಳಾಸದಂತೆ ಓದುತ್ತ ಬಂದವಳು, ಇಂದು ಒಂದು ಕಾಗದ ಸರಿಯಾದ ಮನೆಗೆ ತಲುಪಿತೆಂದು ನಂಬಿ ನಿಂತಿದ್ದಳು.

"ಗೆರೆ ನನ್ನದೇ," ಎಂದ ಅವನು.

ಅವಳು ನಕ್ಕು, ಒದ್ದೆ ಬೆರಳಿನಿಂದ ಅವನ ಮೂಗಿನ ತುದಿಯನ್ನು ಮುಟ್ಟಿ, ಮುಂದಿನ ತಟ್ಟೆಗೆ ಕೈ ಹಾಕಿದಳು. ಅದು ಹೆಜ್ಜೆಯದು. ಕಿತ್ತಳೆ ಸಿಪ್ಪೆಯನ್ನು ಝಾಡಿಸಿ, ಒಂದೇ ಸುತ್ತು ಉಜ್ಜಿ, ಅವನ ಕೈಗಿಟ್ಟಳು. ಅವನು ಬಹಳ ಹೊತ್ತು ಒರೆಸಿದ.

ಬಾಗಿಲು ತೆರೆಯುವ ದಿನದ ಬೆಳಿಗ್ಗೆ ಅವನು ಎಂದಿಗಿಂತ ಮೊದಲು ಎದ್ದ. ಅವನಿಗಿಂತ ಮೊದಲೇ ಒಂದು ಯೋಚನೆ ಎದ್ದು ಕೂತಿತ್ತು. ಚಿನ್ನದ ಜೋಡಿಯನ್ನು ಪೆಟ್ಟಿಗೆಗೆ ಹಾಕಿ, ಹೆಜ್ಜೆಯ ಜೋಡಿಯನ್ನು ಕಪಾಟಿನ ಹಿಂದೆ ತಳ್ಳಿಬಿಟ್ಟರೆ? ಸಂಜೆ ಅಮ್ಮ ಕೇಳಿದರೆ ಕೈತಪ್ಪಿನಿಂದ ಹೋಯಿತು ಎಂದರಾಯಿತು. ಅವನು ಬರಿಗಾಲಲ್ಲಿ ನಡುಮನೆಗೆ ಬಂದ.

ಗಾಜಿನ ಕಪಾಟಿನ ಮುಂದೆ ಅಮ್ಮ ಆಗಲೇ ನಿಂತಿದ್ದಳು. ಚಿನ್ನದ ತಟ್ಟೆಗಳನ್ನು ಗೋಡೆಗೊರಗಿಸಿ, ಸುಟ್ಟ ಕಲೆ ಕಾಣದಂತೆ ಒಂದನ್ನು ತಿರುಗಿಸಿ, ಮುಂದೆ ಅವನ ಶಾಲೆಯ ಕಾಲದ ಫೋಟೋ ಇಟ್ಟಿದ್ದಳು. ಪಕ್ಕದ ಮನೆಯ ಹೆಂಗಸು ಹಾಲಿನ ಪಾತ್ರೆ ಹಿಡಿದು ನೋಡುತ್ತಿದ್ದಳು.

"ಯಾರು ಬರೆದದ್ದು ಅಂತ ಹೇಳೋ ಹಾಗಿಲ್ಲ," ಅಮ್ಮ ಅವಳಿಗೆ ಹೇಳುತ್ತಿದ್ದಳು. "ಅಲ್ಲಿನ ನಿಯಮ. ನೀನೇ ಅರ್ಥ ಮಾಡ್ಕೊ."

ಅವನು ಉಳಿದ ನಾಲ್ಕು ತಟ್ಟೆಗಳನ್ನು ಪೆಟ್ಟಿಗೆಗೆ ತುಂಬಿದ.

ಪ್ಯಾಕಿಂಗ್ ಕೋಣೆಯ ಮೇಜಿನ ಸುತ್ತ ಜನ ಸೇರಿದ್ದರು. ಎಲೆಬಳ್ಳಿಯ ಪೇರು ಎತ್ತರಕ್ಕೆ ಹೋಗಿತ್ತು. ಹಿರಿಯ ಚಿತ್ರಗಾರರು ಅದರ ಪಕ್ಕದಲ್ಲಿ ನಿಂತು, ತಮ್ಮ ಮಗು ಬೆಳೆದದ್ದನ್ನು ನೋಡುವವರಂತೆ ನಗುತ್ತಿದ್ದರು. ಅವರಿಗೆ ಇನ್ನು ಯಾವ ಗೆಲುವೂ ಬೇಕಿರಲಿಲ್ಲ. ಉಳಿದೆರಡು ಪೇರುಗಳು ಗಿಡ್ಡವಾಗಿದ್ದವು, ಸರಿಸಮವಾಗಿದ್ದವು.

ಅವನು ಎರಡು ಸಲ ನೋಡಿದ. ಸರಿಸಮ.

"ನಮ್ಮನೇಲಿ ಕೇಳಬೇಡಿ ಪುರಾಣ," ಪ್ಯಾಕಿಂಗ್ ಮಾಡುವ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳು. "ಆ ಹಕ್ಕಿ ಎಲ್ಲಿಂದ ಹಾರಿತು ಅಂತ ದಿನಾ ಜಗಳ. ನನ್ನ ಗಂಡ ಅನ್ನ ಸರಿಸಿ ಸರಿಸಿ ಹುಡುಕ್ತಾರೆ, ತಟ್ಟೆ ಒಳಗೆ ಇಳಿದಿರ್ಬೇಕು ಅಂತ. ಹಾರಿದ್ದು ಅಂತ ನಾನು. ಬೇರೆ ತಟ್ಟೇಲಿ ಹಾಕಿಕೊಟ್ರೆ ಊಟವೇ ಬೇಡ ಅಂತಾರೆ. ಆ ಜೋಡಿ ನಾನು ಸತ್ತರೂ ಕೊಡಲ್ಲ."

ಅವನು ಅವಳ ಮಾತನ್ನು ನಿಂತು ಕೇಳಿದ. ಇನ್ನೊಮ್ಮೆ ಹೇಳು ಎಂದು ಕೇಳಬೇಕೆನಿಸಿತು. ಯಾರದೆಂದು ತಿಳಿಯದೆ ಒಬ್ಬರಾದರೂ, ಎಂದು ಅವನು ಬೇಡಿಕೊಂಡಿದ್ದ. ಕೊಠಡಿಯ ಅರ್ಧ ಜನ ಅದನ್ನೇ ಮಾಡಿದ್ದರು. ಅವನ ಮನೆಯವರು ಬಿಟ್ಟು.

"ನಿಮ್ಮದೊಂದೇ ಬಾಕಿ," ಎಂದರು ಯಜಮಾನರು.

ಅವನು ಪೆಟ್ಟಿಗೆ ಬಿಚ್ಚಿದ. ಎಲೆಬಳ್ಳಿಯ ಎರಡನ್ನು ಎತ್ತರದ ಪೇರಿನ ಮೇಲಿಟ್ಟ. ಆಮೇಲೆ ಹೆಜ್ಜೆಯ ತಟ್ಟೆಗಳನ್ನು ಒಂದರ ಮೇಲೊಂದು, ಸದ್ದಾಗದಂತೆ, ಅವುಗಳ ಪೇರಿನ ಮೇಲಿಟ್ಟ. ಪೇರು ಚಿನ್ನದ ಪೇರಿಗಿಂತ ಒಂದು ಮನೆಯ ಎರಡು ತಟ್ಟೆಯಷ್ಟು ಎತ್ತರವಾಯಿತು.

ಯಜಮಾನರಿಗೆ ಯಾವುದು ಯಾರದೆಂದು ಗೊತ್ತಿತ್ತು. ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು.

"ನಿಮ್ಮ ಮನೇಲೂ ಚಿನ್ನದ್ದೇ ಹಿಡಿಸಿತೇನಪ್ಪಾ?"

"ಹೌದು ಸರ್."

"ನೀವೇನೂ ಹೇಳಲಿಲ್ವಾ?"

"ಹೇಳಬಾರದು ಅಂದಿದ್ರಲ್ಲ."

ಅವರು ಏನೋ ಹೇಳಲು ಹೋಗಿ, ತಮ್ಮ ನಿಯಮವೇ ತಮ್ಮ ಗಂಟಲಿಗೆ ಅಡ್ಡ ಬಂದವರಂತೆ ಕೆಮ್ಮಿ, ಕನ್ನಡಕ ಹಾಕಿಕೊಂಡರು. ಅಳಿಯ ಎಲ್ಲರ ಕೈ ಕುಲುಕಿದ. ಅವನ ಕೈಯನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ಕುಲುಕಿ, "ಅಂಚು ನೀವೇ ಎಳೀಬೇಕು ಮತ್ತೆ, ಬೇರೆಯವರ ಕೈಲಿ ಆಗಲ್ಲ," ಎಂದ. ಮಧ್ಯಾಹ್ನದ ಹೊತ್ತಿಗೆ ಕಿಟಕಿ ಪಕ್ಕದ ಮೇಜಿನ ಕುರ್ಚಿಗೆ ಅಳಿಯನ ಕೋಟು ನೇತಾಡುತ್ತಿತ್ತು.

ಸಂಜೆ ಮನೆಯ ಮೆಟ್ಟಿಲು ಹತ್ತುವಾಗಲೇ ಬಾಗಿಲು ತೆರೆಯಿತು. ಅಮ್ಮ, ಹೆಂಡತಿ, ಅವರ ಹಿಂದೆ ಫೋನು ಕಿವಿಗೆ ಹಿಡಿದ ಅಕ್ಕ.

"ಯಾವುದೋ ಗೆದ್ದದ್ದು?" ಎಂದಳು ಅಮ್ಮ.

"ಚಿನ್ನದ್ದು."

ಅಕ್ಕ ಫೋನಿನೊಳಗೆ ಕೂಗಿದಳು. ಆ ಕಡೆಯಿಂದ ಭಾವನ ಕೇಕೆ ಹೊರಗೇ ಕೇಳಿಸಿತು. ಅಮ್ಮ ಎರಡೂ ಕೈಯಿಂದ ಮಗನ ಕೆನ್ನೆ ಹಿಡಿದಳು. ಹೆಂಡತಿ ಅವನ ಬಲಗೈಯನ್ನು ಎತ್ತಿ, ಉಗುರುಗಳನ್ನು ಒಂದೊಂದಾಗಿ ನೋಡಿ, ಹಾಗೇ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

"ಈಗಲಾದ್ರೂ ಬಾಯಿ ಬಿಡಬಹುದಲ್ಲ," ಅಕ್ಕ ಗದರಿದಳು. "ಪಂದ್ಯ ಮುಗೀತು. ಇನ್ನು ಯಾರು ಕೇಳ್ತಾರೆ? ಹೇಳು, ಯಾರದು ಆ ತಟ್ಟೆ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಹಸಿವಾಗಿದೆ ಎಂದ. ಅಮ್ಮ ಗಾಜಿನ ಕಪಾಟಿನಿಂದ ಚಿನ್ನದ ತಟ್ಟೆಗಳಲ್ಲಿ ಒಂದನ್ನು, ಸುಡದೆ ಇದ್ದದ್ದನ್ನು, ಇಳಿಸಿ ಒರೆಸಿ ಅವನ ಮುಂದಿಟ್ಟು ಬಡಿಸಿದಳು. ಮುಂದಿನ ಚಳಿಗಾಲವೂ ಬಡಿಸಿದಳು, ಅದರ ಮುಂದಿನದೂ. ಅವನು ಜಿಂಕೆಯ ತಪ್ಪು ಮೊಣಕಾಲುಗಳ ಮೇಲೆ ಅನ್ನ ಕಲಸಿ ಉಂಡ.

ಹೆಜ್ಜೆಗಳ ತಟ್ಟೆ ತನ್ನದೆಂದು ಅವನು ಆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.